ಸಿಂಕು ಕಟ್ಟಿಕೊಳ್ಳುವ ಕಾಲ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಮಸಿಬಟ್ಟೆಯ ಪಕ್ಕದಲ್ಲಿ ಒಂದು ತಂತಿ ನೇತಾಡುತ್ತಿರುತ್ತದೆ. ಮನೆಗೆ ಬಂದವರು ಇದೇನು ಎಂದು ಕೇಳುತ್ತಾರೆ. ಅದು ನಮ್ಮವರ ಮದುವೆಯ ಸೂಟಿನ ಹ್ಯಾಂಗರು. ಸೂಟು ಆರತಕ್ಷತೆಯ ಸಂಜೆ ಬಿಟ್ಟರೆ ಇನ್ನೊಮ್ಮೆ ಅವರ ಮೈಗೇರಲಿಲ್ಲ, ಹೊಟ್ಟೆ ಒಪ್ಪಲಿಲ್ಲ. ಹ್ಯಾಂಗರು ಮಾತ್ರ ಸಂಸಾರಕ್ಕೆ ದಕ್ಕಿತು. ಅದನ್ನು ನೆಟ್ಟಗೆ ಎಳೆದು, ತುದಿಯನ್ನು ಕೊಕ್ಕೆ ಮಾಡಿ, ಸಿಂಕಿನ ತೂತಿನೊಳಗೆ ಇಳಿಬಿಟ್ಟು ತಿರುಗಿಸುವ ವಿದ್ಯೆಯಲ್ಲಿ ನಾನು ಚೆನ್ನಾಗಿ ಪಳಗಿದ್ದೇನೆ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ದೊಡ್ಡ ದೊಡ್ಡ ಸಾಮ್ರಾಜ್ಯಗಳು ಯಾಕೆ ಬಿದ್ದುಹೋದವು ಎಂದು ಮಕ್ಕಳಿಗೆ ಕಾರಣ ಸಮೇತ ವಿವರಿಸುತ್ತೇನೆ. ನಮ್ಮ ಸಿಂಕು ಯಾಕೆ ಕಟ್ಟಿಕೊಳ್ಳುತ್ತದೆ ಎಂಬುದಕ್ಕೂ ಒಂದು ಕಾರಣ ಹುಡುಕಿ ಇಟ್ಟುಕೊಂಡಿದ್ದೆ. ಅದರ ಗತಿ ಏನಾಯಿತು ಎಂದು ಹೇಳುತ್ತೇನೆ, ಕೇಳಿ.

ಈ ಸಿಂಕಿಗೆ ಒಂದು ದುರ್ಬುದ್ಧಿಯಿದೆ. ಮಳೆಗಾಲ, ಬೇಸಿಗೆ, ಹಬ್ಬ ಹರಿದಿನ ಎಲ್ಲದರಲ್ಲೂ ಕೊಟ್ಟಿದ್ದನ್ನು ಕುಡಿದುಕೊಂಡು ತೆಪ್ಪಗಿರುತ್ತದೆ. ಶಾಲೆಗೆ ಕ್ರಿಸ್‌ಮಸ್ ರಜೆ ಕೊಟ್ಟು, ಇನ್ನು ನಾಲ್ಕು ದಿನ ಬೆಳಿಗ್ಗೆ ನಿಧಾನವಾಗಿ ಕಾಫಿ ಕುಡಿಯೋಣ ಎಂದು ನಾನು ಕುಳಿತ ಕೂಡಲೇ ಅದಕ್ಕೆ ಹೊಟ್ಟೆಕಿಚ್ಚು ಬರುತ್ತದೆ. ಮೊದಲು ಒಂದೆರಡು ದಿನ ಗೊರಗೊರ ಎನ್ನುತ್ತದೆ. ಆಮೇಲೆ ತೊಳೆದ ನೀರನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು, ಬೇಡುವವರನ್ನು ಕಾಯಿಸಿ ಕೊಡುವ ಜಿಪುಣನ ಹಾಗೆ ಬಿಡುತ್ತದೆ. ಕೊನೆಗೆ ಬಿಡುವುದೇ ಇಲ್ಲ. ಸಹೋದ್ಯೋಗಿಗಳು ರಜೆ ಮುಗಿಸಿ ಬಂದು ಮಡಿಕೇರಿಯ ಫೋಟೋ ತೋರಿಸುತ್ತಾರೆ. ನನ್ನ ಫೋನಿನಲ್ಲಿ ಪೈಪಿನ ಫೋಟೋಗಳಿರುತ್ತವೆ, ಅದೂ ಬೇರೆ ಬೇರೆ ಕೋನದಿಂದ.

ನಮ್ಮದು ಬಸವೇಶ್ವರನಗರದಿಂದ ಕುರುಬರಹಳ್ಳಿಯ ಕಡೆಗೆ ಇಳಿಯುವ ರಸ್ತೆಯಲ್ಲಿ ಮಾವನವರು ಕಟ್ಟಿಸಿದ ಮನೆ. ಮೇಲೆ ನಾವು, ಕೆಳಗೆ ಬಾಡಿಗೆಗೆ ಶಾರದಮ್ಮನವರ ಸಂಸಾರ. ಮನೆ ಕಟ್ಟಿಸುವಾಗ ದೇವರಮನೆ ಯಾವ ದಿಕ್ಕಿಗಿರಬೇಕು ಎಂದು ಮಾವನವರು ಕುಣಿಗಲ್ಲಿನಿಂದ ಜೋಯಿಸರನ್ನು ಕರೆಸಿ ಕೇಳಿದ್ದರಂತೆ. ಸಿಂಕಿನ ಪೈಪು ಯಾವ ದಿಕ್ಕಿಗೆ ಇಳಿಯಬೇಕು ಎಂದು ಯಾರನ್ನೂ ಕೇಳಲಿಲ್ಲ. ಹಾಗಾಗಿ ನಮ್ಮ ಅಡುಗೆಮನೆಯ ನೀರು ಗೋಡೆಯೊಳಗೆ ಸ್ವಲ್ಪ ದೂರ ಅಡ್ಡಡ್ಡ ಮಲಗಿ, ಎರಡು ಕಡೆ ಸೊಂಟ ತಿರುಗಿಸಿ, ಶಾರದಮ್ಮನವರ ಅಡುಗೆಮನೆಯ ಮೂಲೆಯ ಜಾಲರಿಯ ಕೆಳಗೆ ಹಾದು, ಪಕ್ಕದ ಓಣಿಯಲ್ಲಿರುವ ಚೇಂಬರೆಂಬ ಮುಚ್ಚಳದ ಗುಂಡಿಗೆ ಬಿದ್ದು, ಆಮೇಲೆ ರಸ್ತೆ ಸೇರುತ್ತದೆ. ಅಂದರೆ ಕಟ್ಟಿಕೊಳ್ಳುವುದು ನಮ್ಮ ಮುಸುರೆ, ಉಕ್ಕುವುದು ಅವರ ನೆಲದ ಮೇಲೆ. ಶಾರದಮ್ಮ ಒಳ್ಳೆಯ ಹೆಂಗಸು. ಮೊದಲ ಸಲ ಉಕ್ಕಿದಾಗ ಮೇಲೆ ಬಂದು, “ಪರವಾಗಿಲ್ಲ ಬಿಡಿ, ಮನೆ ಅಂದ್ಮೇಲೆ ಇದೆಲ್ಲ ಇದ್ದಿದ್ದೇ,” ಅಂದಿದ್ದರು. ಈಚೆಗೆ “ಪರವಾಗಿಲ್ಲ ಬಿಡಿ” ಎಂಬ ಭಾಗ ಬಿಟ್ಟುಹೋಗಿದೆ.

ಪ್ಲಂಬರನ್ನು ಕರೆಸಬಾರದೇ ಎಂದು ನೀವು ಕೇಳುತ್ತೀರಿ. ಅಲ್ಲೇ ಇರುವುದು ನನ್ನ ಸಂಕಟ. ಡಿಸೆಂಬರ್ ಬಂತೆಂದರೆ ನಮ್ಮ ಪ್ಲಂಬರ್ ಮಂಜು ಬರೀ ಮಂಜುವಾಗಿರುವುದಿಲ್ಲ, ಸ್ವಾಮಿಯಾಗಿರುತ್ತಾನೆ. ಅಯ್ಯಪ್ಪನ ಮಾಲೆ ಹಾಕಿ, ಕಪ್ಪು ಪಂಚೆ ಉಟ್ಟು, ಗಡ್ಡ ಬಿಟ್ಟು, ಹಣೆ ತುಂಬ ಗಂಧ ಬಳಿದುಕೊಂಡು ಬರಿಗಾಲಿನಲ್ಲಿ ಸ್ಕೂಟರ್ ಓಡಿಸುತ್ತಾನೆ. ಸಂಕ್ರಾಂತಿ ಕಳೆಯುವ ತನಕ ಇದೇ ಅವತಾರ. ಅವನ ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಾಲೆ ಹಾಕಿದವನನ್ನು ಬೈಯುವಂತಿಲ್ಲ, ಬೈದರೆ ದೇವರನ್ನೇ ಬೈದಂತೆ. ಉಳಿದ ತಿಂಗಳುಗಳಲ್ಲಿ “ಏನಪ್ಪಾ ಮಂಜು, ಹತ್ತು ಗಂಟೆಗೆ ಬರ್ತೀನಿ ಅಂದೋನು ಈಗ ಬರ್ತಾ ಇದೀಯಾ” ಎಂದು ಗದರಿಸುವ ನಾನು, ಈ ಕಾಲದಲ್ಲಿ ಕೈ ಮುಗಿದುಕೊಂಡು ಮಾತಾಡಬೇಕು. ಇದಕ್ಕಿಂತ ದೊಡ್ಡ ಸಮಸ್ಯೆಯೆಂದರೆ, ಮಾಲೆ ಹಾಕಿದ ಮಂಜು ಎಂಜಲು ನೀರು ಮುಟ್ಟುವುದಿಲ್ಲ. ಎಲ್ಲ ಪ್ಲಂಬರುಗಳೂ ಹೀಗಿರುವುದಿಲ್ಲವಂತೆ. ನಮಗೆ ಗಂಟುಬಿದ್ದವನು ಹೀಗೆ.

“ಟ್ಯಾಪ್ ಚೇಂಜ್ ಮಾಡೋದಿದ್ರೆ ಹೇಳಿಮ್ಮ, ಈಗ್ಲೇ ಬರ್ತೀನಿ. ಗೀಸರ್ ಕನೆಕ್ಷನ್ ಇದ್ರೂ ಬರ್ತೀನಿ. ಚೇಂಬರ್ ಮಾತ್ರ ಈಗ ಮುಟ್ಟಕ್ಕಾಗಲ್ಲ,” ಎಂದು ಹೋದ ವರ್ಷ ಫೋನಿನಲ್ಲಿ ಹೇಳಿದ. “ಬೆಟ್ಟಕ್ಕೆ ಹೋಗ್ಬಂದು ನೋಡೋಣ.”

“ಅಲ್ಲಿ ತನಕ ನಾವು ಪಾತ್ರೆ ಎಲ್ಲಿ ತೊಳೆಯೋದು ಸ್ವಾಮಿ?”

“ಅಯ್ಯಪ್ಪ ಇದಾನೆ ಬಿಡಿಮ್ಮ, ದಾರಿ ತೋರಿಸ್ತಾನೆ.”

ಅಯ್ಯಪ್ಪ ತೋರಿಸಿದ ದಾರಿ ಬಚ್ಚಲುಮನೆಯದಾಗಿತ್ತು. ಸಂಕ್ರಾಂತಿಯ ತನಕ ಸ್ನಾನದ ಮಣೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕುಕ್ಕರು ತಿಕ್ಕಿದೆ. ಆ್ಯಪಿನಲ್ಲಿ ಕರೆಸಿದ ಇನ್ನೊಬ್ಬ ಪ್ಲಂಬರ್ ಬಂದವನೇ ಗೋಡೆಯನ್ನು ಎರಡು ಸಲ ತಟ್ಟಿ, ಒಡೆಯಬೇಕು ಅಂದ. ಚಹಾ ಕೊಟ್ಟು ಕಳಿಸಿದೆವು. ನಮ್ಮ ಪೈಪುಗಳ ಜಾತಕ ಗೊತ್ತಿರುವುದು ಮಂಜು ಒಬ್ಬನಿಗೇ. ಅವನು ಬೆಟ್ಟದಿಂದ ಇಳಿದು ಬಂದು ಚೇಂಬರಿಗೆ ಕೈ ಹಾಕಿ, ಬೆಳ್ಳಗೆ ಅಂಟಂಟಾದ ಒಂದು ಮುದ್ದೆಯನ್ನು ಕಡ್ಡಿಯಲ್ಲಿ ಎತ್ತಿ ತೋರಿಸಿ, “ಅವರೆಕಾಯಿ ಸೀಸನ್ ಅಲ್ವಾ, ಅದರ ಸಿಪ್ಪೆ ಇರ್ಬೇಕು,” ಅಂದ. ಅವನು ಅಂದದ್ದು “ಇರ್ಬೇಕು” ಎಂದು. ನಾನು ಕೇಳಿಸಿಕೊಂಡದ್ದು ತೀರ್ಪು.

ನಾನು ದಾವಣಗೆರೆಯವಳು. ನಮ್ಮ ತವರುಮನೆಯಲ್ಲಿ ಪೈಪಿನ ಚಿಂತೆಯನ್ನು ಯಾರೂ ಮಾಡಿದ್ದು ನನಗೆ ನೆನಪಿಲ್ಲ. ಬಚ್ಚಲ ಗೋಡೆಯ ಬುಡದಲ್ಲಿ ಒಂದು ತೂತು. ಅದರ ಆಚೆ ಕಲ್ಲಿನ ಕಾಲುವೆ, ಕಾಲುವೆಯ ಕೊನೆಗೆ ಬಾಳೆ, ಕೆಸುವು, ಒಂದು ಕರಿಬೇವು. ಚಳಿಗಾಲದಲ್ಲಿ ಆ ತೂತಿನಿಂದ ಸುಯ್ಯೆಂದು ಗಾಳಿ ಬರುತ್ತದೆ ಎಂದು ಅಜ್ಜಿ ಹಳೆ ಸೀರೆಯ ಉಂಡೆ ತುರುಕುತ್ತಿದ್ದಳು. ಅದನ್ನು ತೆಗೆಯಲು ಮರೆತು ನೀರು ಹೊಯ್ದುಕೊಂಡರೆ ಹಂಡೆಯ ಒಲೆಯ ತನಕ ನೀರು ನಿಲ್ಲುತ್ತಿತ್ತು. ನಾವು ಮಕ್ಕಳು ಬೇಕೆಂದೇ ಮರೆಯುತ್ತಿದ್ದೆವು, ಯಾಕೆಂದರೆ ಆ ಬೆಚ್ಚನೆಯ ನೀರಿನಲ್ಲಿ ಕಾಲಾಡಿಸುತ್ತ ಕೂರಬಹುದಿತ್ತು. ಅಜ್ಜಿ ಹೊರಗಿನಿಂದ ಕೂಗಿದಾಗ ಉಂಡೆ ಕಿತ್ತರೆ ಸರಿ, ಮನೆಯ ಸಮಸ್ಯೆ ಬಾಳೆಗಿಡಕ್ಕೆ ಹೋಗಿ ಸೇರುತ್ತಿತ್ತು. ಆ ಬಾಳೆಹಣ್ಣಿನ ರುಚಿ ನಾನು ಮತ್ತೆಲ್ಲೂ ಕಂಡಿಲ್ಲ. ಬೆಂಗಳೂರಿಗೆ ಬಂದ ಮೇಲೆ ಬಾಳೆಗಿಡದ ಜಾಗದಲ್ಲಿ ನನಗೆ ಶಾರದಮ್ಮ ಸಿಕ್ಕಿದರು.

ಈ ಊರಿಗೆ ಸೊಸೆಯಾಗಿ ಬಂದು ನಾನು ಕಂಡ ಇನ್ನೊಂದು ವಿಚಿತ್ರವೆಂದರೆ ಅವರೆಕಾಳನ್ನು ಹಿತಕುವುದು. ನಮ್ಮ ಕಡೆ ಕಾಳನ್ನು ಸಿಪ್ಪೆ ಸಮೇತ ಬೇಯಿಸಿ ಸಿಪ್ಪೆ ಸಮೇತ ತಿಂದು ಸುಖವಾಗಿದ್ದೇವೆ. ಇವರು ಸುಲಿದ ಕಾಳನ್ನು ನೀರಲ್ಲಿ ನೆನೆಹಾಕಿ, ಉಬ್ಬಿದ ಮೇಲೆ ಒಂದೊಂದನ್ನೇ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿ, ಒಳಗಿನ ಬೇಳೆಯನ್ನು ಚಿಮ್ಮಿಸಿ, ಸಿಪ್ಪೆಯನ್ನು ಬೇರೆ ಮಾಡುತ್ತಾರೆ. ಒಂದು ಪಾತ್ರೆ ಸಾರಿಗೆ ಅರ್ಧ ದಿನ. ಒಂದು ಕಾಳಿಗೆ ಇಷ್ಟು ಉಪಚಾರವೇ ಎಂದು ಮದುವೆಯಾದ ಹೊಸದರಲ್ಲಿ ನಾನು ಬಾಯಿಬಿಟ್ಟು ಕೇಳಿದ್ದೆ. “ಒಂದ್ಸಲ ತಿಂದು ನೋಡು, ಆಮೇಲೆ ಮಾತಾಡು,” ಅಂದರು ಅತ್ತೆ. ತಿಂದು ನೋಡಿದೆ, ಆಮೇಲೆ ಮಾತಾಡಲಿಲ್ಲ. ಹಾಗೆಂದು ಸಿಟ್ಟು ಹೋಗಲಿಲ್ಲ. ರುಚಿ ಬೇರೆ, ನಡುಮನೆಯ ತುಂಬ ಹಾರಿ ಬಿದ್ದ ಬೇಳೆಯನ್ನು ಸೋಫಾದ ಕೆಳಗಿನಿಂದ ಗುಡಿಸುವುದು ಬೇರೆ.

ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಅವರಿಗೆ ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ದೃಷ್ಟಿ ಮಂಜಾಗುತ್ತ ಬಂದು, ಈಗ ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಕಣ್ಣು ಹೋದ ಹಾಗೆಲ್ಲ ಅವರ ಅಡುಗೆಮನೆಯೂ ಹೋಯಿತು. ಮೊದಲು ಈಳಿಗೆಮಣೆ ಎತ್ತಿಟ್ಟೆವು. ಒಗ್ಗರಣೆ ಹಾಕುವಾಗ ಸೆರಗಿಗೆ ಬೆಂಕಿ ತಗುಲುವುದು ಸ್ವಲ್ಪದರಲ್ಲಿ ತಪ್ಪಿದ ಮೇಲೆ ಒಲೆ ಬಿಡಿಸಿದೆವು. ಅಕ್ಕಿ ಆರಿಸುವುದೂ ನಿಂತಿತು. ಇವೆಲ್ಲ ಬೇಕಾದ ಜಾಗ್ರತೆಗಳೇ, ಇದರಲ್ಲಿ ನನಗೆ ಪಶ್ಚಾತ್ತಾಪವಿಲ್ಲ. ಹೀಗೆ ಒಂದೊಂದಾಗಿ ಕೈಬಿಟ್ಟು ಕೊನೆಗೆ ಉಳಿದದ್ದು ಅವರೆ ಹಿತಕುವುದು. ಅದಕ್ಕೆ ಕಣ್ಣು ಬೇಡ. ಚಳಿಗಾಲ ಬಂತೆಂದರೆ ಅತ್ತೆ ನಡುಮನೆಯಲ್ಲಿ ಚಾಪೆ ಹಾಸಿ, ಬಲಕ್ಕೊಂದು ಬೇಸಿನ್ನು ಎಡಕ್ಕೊಂದು ಪಾತ್ರೆ ಇಟ್ಟುಕೊಂಡು ಕೂತರೆ, ನಾನೂ ನಮ್ಮವರೂ ಸೇರಿದರೂ ಅವರ ಅರ್ಧ ವೇಗ ಬರುವುದಿಲ್ಲ. ಅವರ ಬೆರಳುಗಳಿಗೆ ಹುಳುಕು ಕಾಳು ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ಮೊದಲ ಸಾರಾದ ದಿನ ಕೆಳಗಿನ ಶಾರದಮ್ಮನಿಗೊಂದು ಡಬ್ಬಿ, ವಿಜಯನಗರದಲ್ಲಿರುವ ತಮ್ಮ ತಂಗಿಗೊಂದು ಡಬ್ಬಿ, ಎದುರುಮನೆಗೊಂದು ಡಬ್ಬಿ. ಈ ಮನೆಯ ಅಡುಗೆಯಲ್ಲಿ ತನ್ನ ಕೈಯೂ ಇದೆ ಎಂದು ಅತ್ತೆ ಹೇಳಿಕೊಳ್ಳಲು ಉಳಿದಿದ್ದದ್ದು ವರ್ಷಕ್ಕೊಮ್ಮೆಯ ಆ ಡಬ್ಬಿಗಳು ಮಾತ್ರ.

ನಾನು ಕೈ ಹಾಕಿದ್ದು ಅದಕ್ಕೇ.

ಈ ವರ್ಷ ಡಿಸೆಂಬರ್ ಶುರುವಿನಲ್ಲೇ ನನ್ನ ತಮ್ಮ ತವರುಮನೆಯ ವಾಟ್ಸ್ಯಾಪ್ ಗುಂಪಿಗೆ ಒಂದು ಉಪದೇಶ ತಳ್ಳಿದ. ಚಳಿಗಾಲದ ರಜೆಯಲ್ಲಿ ಮನೆಯ ಕೊಳಾಯಿಗಳನ್ನು ಕಾಪಾಡಿಕೊಳ್ಳುವುದು ಹೇಗೆ ಎಂದು ಯಾವುದೋ ಹಿಮ ಬೀಳುವ ದೇಶದವರು ಬರೆದದ್ದು. ಪೈಪಿನ ನೀರು ಹೆಪ್ಪುಗಟ್ಟಿ ಪೈಪೇ ಒಡೆದೀತು, ಬೆಚ್ಚಗೆ ಹೊದಿಸಿಡಿ ಎಂದಿತ್ತು. ನಮ್ಮವರು ಅದನ್ನು ಓದಿ, ಗಂಭೀರವಾಗಿ ತಾರಸಿಗೆ ಹೋಗಿ, ಸೋಲಾರ್ ಪೈಪಿಗೆ ಮಾವನವರ ಹಳೆಯ ಮಫ್ಲರ್ ಸುತ್ತಿ ಬಂದರು. ಬೆಂಗಳೂರಿನ ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಬಹುದು, ನೀರಿನ ತನಕ ಹೋಗುವಷ್ಟು ಅದಕ್ಕೆ ಎದೆಗಾರಿಕೆಯಿಲ್ಲ. ನಾನು ಅವರನ್ನು ನೋಡಿ ನಕ್ಕೆ. ನಕ್ಕವಳು ಅದೇ ಉಪದೇಶದ ಮುಂದಿನ ಭಾಗವನ್ನು ವೇದವಾಕ್ಯವೆಂದು ಹಿಡಿದುಕೊಂಡೆ. ರಜೆಯಲ್ಲಿ ಅಡುಗೆ ಹೆಚ್ಚು, ಆದ್ದರಿಂದ ಸಿಂಕಿಗೆ ಜಾಲರಿ ಹಾಕಿ, ಸಿಪ್ಪೆಗಳನ್ನು ಒಳಗೆ ಬಿಡಬೇಡಿ, ದಿನಾ ಸಂಜೆ ಕುದಿಯುವ ನೀರು ಹೊಯ್ಯಿರಿ ಎಂದು ಅದರಲ್ಲಿತ್ತು. ಸಿಪ್ಪೆ ಎಂಬ ಮಾತು ಕಂಡದ್ದೇ ತಡ, ನಾನು ಎದ್ದು ನಿಂತೆ.

“ಅತ್ತೆ, ಈ ಸಲ ಹಿತಕಿರೋ ಬೇಳೆನೇ ತರ್ತೀನಿ. ಪ್ಯಾಕೆಟ್ಟಲ್ಲಿ ಸಿಗತ್ತೆ, ನೀಟಾಗಿರತ್ತೆ. ಸಿಪ್ಪೆ ಸಿಂಕಿಗೆ ಹೋಗಿ ಕಟ್ಕೊಳೋದು ಬೇಡ.”

“ನಾನು ಸಿಂಕಿಗೆ ಹಾಕಲ್ಲ ಕಣಮ್ಮ. ಬೇಸಿನ್ನಿಗೆ ಹಾಕ್ತೀನಿ, ಹಸು ಬಂದಾಗ ಕೊಡ್ತೀವಲ್ಲ.”

“ಗೊತ್ತು ಅತ್ತೆ. ಆದ್ರೂ ನಿಮ್ಗೆ ಕಾಣ್ಸದೇ ಒಂದಷ್ಟು ಹೋಗಿರತ್ತೆ.”

ಕಾಣಿಸದೆ ಎಂದ ಮೇಲೆ ಅವರಿಗೆ ಹೇಳಲು ಏನು ಉಳಿಯುತ್ತದೆ. ನಮ್ಮವರು ಮಾತ್ರ ನನ್ನನ್ನು ಬಾಲ್ಕನಿಗೆ ಕರೆದು, “ಅಮ್ಮಂಗೆ ಇರೋದು ಅದೊಂದೇ ಕೆಲ್ಸ ಕಣೇ,” ಎಂದು ಪಿಸುಗುಟ್ಟಿದರು.

“ಸರಿ, ಹಾಗಿದ್ರೆ ಈ ಸಲ ಶಾರದಮ್ಮನ ನೆಲ ನೀವು ಒರೆಸಿ. ಬಚ್ಚಲಲ್ಲಿ ಕುಕ್ಕರ್ ನೀವು ತಿಕ್ಕಿ.”

ನಮ್ಮವರಿಗೆ ಕೂಡಲೇ ಮಫ್ಲರ್ ಸಡಿಲವಾಗಿರುವುದು ನೆನಪಾಗಿ ತಾರಸಿಗೆ ಹೋದರು.

ನಾನು ಪ್ಯಾಕೆಟ್ ತಂದೆ. ಬೇಳೆ ನೀಟಾಗಿಯೇ ಇತ್ತು, ಒಂದೇ ಅಳತೆ, ಒಂದೇ ಬಣ್ಣ. ಸೊಗಡು ಮಾತ್ರ ಇರಲಿಲ್ಲ, ಫ್ರಿಜ್ಜಿನ ವಾಸನೆಯಿತ್ತು. ಅಷ್ಟು ಸ್ವಲ್ಪ ಬೇಳೆಯಲ್ಲಿ ನಮಗೇ ಆಗುವಷ್ಟು ಸಾರಾಯಿತು, ಡಬ್ಬಿಗೆ ಹಾಕುವಷ್ಟು ಉಳಿಯಲಿಲ್ಲ. ಅತ್ತೆ ಉಂಡು, “ಚೆನ್ನಾಗಿದೆ,” ಅಂದರು. ಮಧ್ಯಾಹ್ನ ವಿಜಯನಗರದಿಂದ ಅತ್ತೆಯ ತಂಗಿಯ ಫೋನು ಬಂತು. ಫೋನು ಸ್ಪೀಕರಿನಲ್ಲಿದ್ದುದರಿಂದ ಇಬ್ಬರ ಮಾತೂ ಮನೆಗೆಲ್ಲ ಕೇಳುತ್ತಿತ್ತು. “ಅಕ್ಕಾ, ಶುರು ಹಚ್ಕೊಂಡ್ಯಾ ಅವರೆ?” ಎಂದು ಅವರು ಕೇಳಿದರೆ, ಅತ್ತೆ “ಹ್ಞೂ, ಹಚ್ಕೊಂಡೆ ಕಣೇ,” ಎಂದು ಹೇಳಿ ಬೇರೆ ಮಾತು ತೆಗೆದರು. ನಾನು ಒಳಗೆ ಪಾತ್ರೆ ಒರೆಸುತ್ತಿದ್ದೆ. ಕೇಳಿಸದವಳ ಹಾಗೆ ಒರೆಸುತ್ತಲೇ ಇದ್ದೆ.

ಉಳಿದಂತೆ ನನ್ನ ಮುಂಜಾಗ್ರತೆ ಬಹಳ ಕಟ್ಟುನಿಟ್ಟಾಗಿತ್ತು. ಸಿಂಕಿಗೆ ಎರಡು ಜಾಲರಿ, ಒಂದರ ಮೇಲೊಂದು. ಕಾಫಿ ಚರಟ ತುಳಸಿ ಕುಂಡಕ್ಕೆ. ಎಣ್ಣೆ ಬಾಣಲೆಯನ್ನು ಕಾಗದದಲ್ಲಿ ಒರೆಸದೆ ತೊಳೆದರೆ ನಮ್ಮವರಿಗೆ ಕಣ್ಣಿನಲ್ಲೇ ಶಿಕ್ಷೆ. ಸಂಜೆ ರೊಟ್ಟಿ ಬಡಿದು ಮುಗಿದ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಆವಿ ಮುಖಕ್ಕೆ ರಾಚುತ್ತಿದ್ದರೂ ಬಿಡದೆ, ಅಭಿಷೇಕ ಮಾಡುವ ಹಾಗೆ ಸಿಂಕಿಗೆ ಹೊಯ್ಯುತ್ತಿದ್ದೆ. ಈ ರೊಟ್ಟಿಯ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವಿದೆ ಎಂದು ನಮ್ಮವರು ಹೇಳುತ್ತಾರೆ. ಇದೆ, ಇರಲಿ. ಚಳಿ ಬಿದ್ದ ಮೇಲೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುವುದು ನಮ್ಮ ಕಡೆಯ ಪದ್ಧತಿ, ಸಂಕ್ರಾಂತಿಯ ತನಕ ದಿನಾ ಬಡಿಯುತ್ತೇನೆ. ಹಿಟ್ಟು ದಾವಣಗೆರೆಯಿಂದಲೇ ಬರಬೇಕು, ಕುದಿವ ಎಸರು ಹಾಕಿಯೇ ನಾದಬೇಕು, ಲಟ್ಟಣಿಗೆ ಮುಟ್ಟಬಾರದು. ಈ ಕಾಲೊನಿಯಲ್ಲಿ ರೊಟ್ಟಿಯ ಸದ್ದು ಕೇಳಿದರೆ ಅದು ನಮ್ಮ ಮನೆಯದು ಎಂದು ಎಲ್ಲರಿಗೂ ಗೊತ್ತು.

ಕ್ರಿಸ್‌ಮಸ್ ಕಳೆಯಿತು, ಸಿಂಕಿನ ಸದ್ದಿಲ್ಲ. ನಾನು ಗೆದ್ದೆ ಎಂದುಕೊಂಡೆ. ನಮ್ಮವರಿಗೆ ಎರಡು ಸಲ, “ನೋಡಿದ್ರಾ” ಎಂದೂ ಹೇಳಿದೆ. ಹೊಸ ವರ್ಷದ ಮುನ್ನಾದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು ಕೇಳಿ ತೆಗೆದರೆ ಶಾರದಮ್ಮ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಕಡ್ಡಿ ಪೊರಕೆ ಹಿಡಿದು ನಿಂತಿದ್ದರು.

“ಸುಮಾ ಅವ್ರೇ, ಬಂತು. ನಮ್ ಅಡುಗೆಮನೆ ಕೆರೆ ಆಗಿದೆ, ಇಳಿದು ನೋಡಿ.”

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಎಲ್ಲ ಸರಿಯಾಗಿ ಮಾಡಿದವರಿಗೆ ಬರುವ ಸಿಟ್ಟು ಅದು, ಅದಕ್ಕೆ ಗುರಿಯಿರುವುದಿಲ್ಲ. ಮಂಜುವಿಗೆ ಫೋನು ಮಾಡಿ, ಸ್ವಾಮಿ ಎಂಬ ಮಾತನ್ನು ಹಲ್ಲು ಕಚ್ಚಿಕೊಂಡೇ ನಾಲ್ಕು ಸಲ ಹೇಳಿ, ಮುಟ್ಟದಿದ್ದರೂ ಪರವಾಗಿಲ್ಲ ಬಂದು ನಿಂತುಕೊಂಡು ಹೇಳಿಕೊಡಿ ಎಂದು ಬೇಡಿಕೊಂಡೆ. ಪುಣ್ಯಾತ್ಮ ಬಂದ. ಓಣಿಯ ಮೆಟ್ಟಿಲ ಮೇಲೆ, ಒಂದು ಹನಿಯೂ ಸಿಡಿಯದಷ್ಟು ದೂರದಲ್ಲಿ, ಕೈ ಹಿಂದಕ್ಕೆ ಕಟ್ಟಿ ನಿಂತ. ನಮ್ಮವರು ಲುಂಗಿ ಎತ್ತಿ ಕಟ್ಟಿ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಚೇಂಬರಿನ ಮುಂದೆ ಮಂಡಿಯೂರಿದರು. ಬೆಳಗಿನ ಬಿಸಿಲು ಆ ಓಣಿಯಲ್ಲೇ ಚೆನ್ನಾಗಿ ಬೀಳುವುದರಿಂದ ಅತ್ತೆಯೂ ಎಂದಿನಂತೆ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

“ಇನ್ನೂ ಒಳಕ್ಕೆ ಬಿಡಿ ಸ್ವಾಮಿ. ಹಾಂ, ಈಗ ತಿರುಗ್ಸಿ ಸ್ವಾಮಿ. ಎಳೀಬೇಡಿ ಸ್ವಾಮಿ, ಎಳೀಬೇಡಿ, ಇನ್ನೊಂದು ಸುತ್ತು.”

“ಸ್ವಾಮಿ ಸ್ವಾಮಿ ಅಂತ ಹೇಳ್ಕೊಂಡು ನನ್ನ ಕೈಲಿ ಬಾಚಿಸ್ತಾ ಇದಾನಲ್ಲ ಇವ್ನು,” ಎಂದು ನಮ್ಮವರು ನೆಲಕ್ಕೆ ಹೇಳಿದರು.

“ಸೇವೆ ಅಂದ್ಕೊಳಿ ಸ್ವಾಮಿ,” ಅಂದ ಮಂಜು. ಅವನ ಮಾತಿನಲ್ಲಿ ಅಪಹಾಸ್ಯವಿರಲಿಲ್ಲ, ಅದೇ ನನಗೆ ತಡೆಯಲಾಗದ್ದು.

ತುಂಬ ಹೊತ್ತು ಹೋರಾಡಿದ ಮೇಲೆ ಪಚಕ್ಕೆಂದು ಏನೋ ಕಿತ್ತು ಬಂತು. ತೊಟ್ಟಿಲ ಕೂಸಿನ ತಲೆಯಷ್ಟು ದೊಡ್ಡ, ಬಿಳಿ ಬೂದಿ ಬಣ್ಣದ ಮುದ್ದೆ. ನಮ್ಮವರು ಅದನ್ನು ಹಳೆ ಪೇಪರಿನ ಮೇಲೆ ಇಟ್ಟರು. ಮಂಜು ಮೆಟ್ಟಿಲ ಮೇಲಿನಿಂದಲೇ ಕತ್ತು ಉದ್ದ ಮಾಡಿ ನೋಡಿ, “ಅದೇ ಸ್ವಾಮಿ, ಹೋದ್ ವರ್ಷದ್ದೇ. ಅವರೆ,” ಎಂದು ಹೇಳಿ, ಗೇಟಿನ ಹತ್ತಿರದ ನಲ್ಲಿಯಲ್ಲಿ ಕಾಲು ತೊಳೆಯಲು ಹೋದ. ನಮ್ಮವರು ನೀರು ಹೋಗುತ್ತದೆಯೇ ಎಂದು ನೋಡಲು ಮೇಲಿನ ಸಿಂಕಿಗೆ ಹೋದರು. ಶಾರದಮ್ಮ ಒಳಗೆ ನೆಲ ತೊಳೆಯುತ್ತಿದ್ದರು. ಓಣಿಯಲ್ಲಿ ನಾನು, ಅತ್ತೆ, ಆ ಮುದ್ದೆ ಮಾತ್ರ ಉಳಿದೆವು. ಈ ವರ್ಷ ಮನೆಗೆ ಒಂದು ಅವರೆ ಸಿಪ್ಪೆಯೂ ಬಂದಿಲ್ಲ, ಮತ್ತೆ ಇದು ಎಲ್ಲಿಂದ ಬಂತು ಎಂದು ನಾನು ಅದನ್ನೇ ದಿಟ್ಟಿಸುತ್ತಿದ್ದೆ.

“ಎಲ್ಲಿ, ಕೊಡು ಇಲ್ಲಿ,” ಅಂದರು ಅತ್ತೆ.

“ಗಲೀಜು ಅತ್ತೆ, ಬೇಡ.”

ಅವರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪೇಪರನ್ನು ಅವರ ಕೈಗೆ ಹತ್ತಿರ ಹಿಡಿದೆ. ಅಂಚಿನಿಂದ ಒಂದು ಚೂರು ಮುರಿದು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿದರು, ತಿಕ್ಕಿದರು, ಇನ್ನೊಂದು ಚೂರು ಮುರಿದು ಅದನ್ನೂ ತಿಕ್ಕಿದರು.

“ಇದ್ರಲ್ಲಿ ಸಿಪ್ಪೆ ಇಲ್ಲ ಕಣಮ್ಮ,” ಅಂದರು ನಿಧಾನವಾಗಿ. “ಹಿಟ್ಟು ಇದು. ನಿನ್ನ ರೊಟ್ಟಿ ಹಿಟ್ಟು. ಎಳ್ಳೂ ಸಿಕ್ತಾ ಇದೆ ನೋಡು.”

ನೋಡಿದೆ. ಎಳ್ಳು ಇತ್ತು.

ಚಿಕ್ಕವಳಿದ್ದಾಗ ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕಲು ಅಪ್ಪ ಅಂಟು ಮಾಡಿಕೊಡುತ್ತಿದ್ದರು. ಒಂದು ಹಿಡಿ ಹಿಟ್ಟು, ಅದರ ಮೇಲೆ ಕುದಿಯುವ ನೀರು, ಅಷ್ಟೇ. ಆರಿದ ಮೇಲೆ ಅದು ಪುಸ್ತಕವನ್ನು ಹಿಡಿದುಕೊಂಡರೆ ವರ್ಷ ಕಳೆದರೂ ಬಿಡುತ್ತಿರಲಿಲ್ಲ. ರಟ್ಟು ಹರಿದರೂ ಅಂಟು ಹರಿಯುತ್ತಿರಲಿಲ್ಲ. ನಾನು ದಿನಾ ಸಂಜೆ ರೊಟ್ಟಿ ನಾದಿದ ಪರಾತವನ್ನು ಸಿಂಕಿನಲ್ಲಿ ತೊಳೆದು, ಹಿಟ್ಟಿನ ನೀರು ಎರಡೂ ಜಾಲರಿಗಳ ಕಣ್ಣು ತಪ್ಪಿಸಿ ಪೈಪಿಗೆ ಇಳಿದ ಮೇಲೆ, ಅದರ ಹಿಂದೆಯೇ ಕುದಿಯುವ ನೀರು ಹೊಯ್ಯುತ್ತಿದ್ದೆ. ಮುಂಜಾಗ್ರತೆ ಎಂದು ಹೆಸರಿಟ್ಟುಕೊಂಡು ಮನೆಯ ಗೋಡೆಯೊಳಗೆ ಅಂಟು ಕಾಯಿಸುತ್ತಿದ್ದೆ. ಹೋದ ವರ್ಷದ್ದೂ ಅದೇ ಹಿಟ್ಟು, ಅದರ ಹಿಂದಿನ ವರ್ಷದ್ದೂ ಅದೇ ಹಿಟ್ಟು, ಕುದಿಯುವ ನೀರು ಮಾತ್ರ ಈ ವರ್ಷದ ಹೊಸ ಸೇರ್ಪಡೆ. ಇತಿಹಾಸ ಕಲಿಸುವವಳಿಗೆ ಇದು ಹೊಳೆಯಲು ಕಣ್ಣು ಕಾಣದವರ ಎರಡು ಬೆರಳು ಬೇಕಾಯಿತು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಜೊತೆಗೆ ಇಷ್ಟು ಹೊತ್ತು ಗುರಿಯಿಲ್ಲದೆ ಸುತ್ತುತ್ತಿದ್ದ ಸಿಟ್ಟಿಗೆ ಸರಿಯಾದ ವಿಳಾಸವೂ ಸಿಕ್ಕಿತು.

ಅಷ್ಟರಲ್ಲಿ ಶಾರದಮ್ಮ ಹೊರಗೆ ಬಂದರು. “ಏನಂತೆ? ಸಿಕ್ತಾ ಏನಾದ್ರೂ?”

ಹೇಳಿಬಿಡಬೇಕು ಎಂದು ನಾನು ಬಾಯಿ ತೆರೆದೆ. ರೊಟ್ಟಿಯ ಸದ್ದಿನ ಮೇಲೆ ಇಷ್ಟು ವರ್ಷ ಮೆರೆದವಳಿಗೆ ಆ ಮಾತು ಬಾಯಿಂದ ಹೊರಡಲು ಸ್ವಲ್ಪ ಹೊತ್ತು ಹಿಡಿಯಿತು. ಆ ಸ್ವಲ್ಪ ಹೊತ್ತಿನಲ್ಲಿ ಅತ್ತೆ ಪೇಪರನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

“ಇನ್ನೇನಮ್ಮ, ನಂದೇ,” ಅಂದರು. “ಅವರೆ ಸಿಪ್ಪೆ. ವರ್ಷಾ ವರ್ಷಾ ನಿಂಗೆ ನನ್ನಿಂದ ಕಾಟ.”

ಶಾರದಮ್ಮನ ಮುಖ ಸಡಿಲವಾಯಿತು. ವಯಸ್ಸಾದವರ ಮೇಲೆ ಎಷ್ಟು ಹೊತ್ತು ಮುನಿಸಿಕೊಳ್ಳುವುದು. “ಹೋಗ್ಲಿ ಬಿಡಿ ಅಮ್ಮ, ಬೇಕೂಂತ ಮಾಡಿದ್ರಾ,” ಅಂದವರು, ಪೊರಕೆ ಗೋಡೆಗೆ ಒರಗಿಸುತ್ತ, “ಅದಿರ್ಲಿ, ಈ ಸಲ ನಮ್ ಡಬ್ಬಿ ಇನ್ನೂ ಬಂದೇ ಇಲ್ವಲ್ಲ?” ಎಂದು ಕೇಳಿದರು.

“ಬರತ್ತೆ, ಬರತ್ತೆ. ಕಾಳು ಇನ್ನೂ ಸರಿಯಾಗಿ ಬಲಿತಿರ್ಲಿಲ್ಲ ಕಣಮ್ಮ,” ಅಂದರು ಅತ್ತೆ, ಮುಖ ತುಂಬ ನಗುತ್ತ.

ನನ್ನ ಮಾನ ಉಳಿಸಲು ಹೀಗೆ ಹೇಳಿದರು ಎಂದುಕೊಂಡೆ. ಸೊಸೆಯ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡರಲ್ಲ ಎಂದು ಎದೆ ತುಂಬಿ ಬಂತು. ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸುವಾಗ, ಯಾರಿಗೂ ಕೇಳದಂತೆ, “ಯಾಕತ್ತೆ ಸುಳ್ಳು ಹೇಳಿದ್ರಿ? ನನ್ ತಪ್ಪು ಅಂತ ಹೇಳ್ಬಹುದಿತ್ತಲ್ಲ,” ಅಂದೆ.

ಅತ್ತೆ ಮೆಟ್ಟಿಲ ನಡುವೆ ನಿಂತರು. ನಾನು ಕೇಳಿದ್ದು ಅವರಿಗೆ ನಿಜವಾಗಿಯೂ ವಿಚಿತ್ರವೆನಿಸಿದಂತೆ ಕಂಡಿತು.

“ನಿನ್ ತಪ್ಪು ಅಂದಿದ್ರೆ, ಹಂಗಾದ್ರೆ ಈ ವರ್ಷ ನೀವು ಅವರೆ ಹಿತಕ್ಲಿಲ್ವಾ ಅಂತ ಶಾರದಮ್ಮ ಕೇಳ್ತಿದ್ಲು,” ಅಂದರು. “ಅದಕ್ಕೇನು ಹೇಳ್ಲಿ ನಾನು?”

ಅವರನ್ನು ಮೇಲೆ ಕೂರಿಸಿ, ಚೀಲ ಹಿಡಿದುಕೊಂಡು ಅವರೆಕಾಯಿ ತರಲು ಹೊರಟೆ.